ಹಗ್ಗ ಹಿಡಿದವರು

ಆಷಾಢದ ಗಾಳಿಯೂ ಕಾಲೇಜಿನ ಹೊಸ ವಿದ್ಯಾರ್ಥಿಗಳೂ ಮೈಸೂರಿಗೆ ಹೆಚ್ಚು ಕಡಿಮೆ ಒಟ್ಟಿಗೇ ಬರುವುದು ವಾಡಿಕೆ. ಬೆಳಗಿನ ಹೊತ್ತು ಸಬರ್ಬನ್ ಬಸ್ ನಿಲ್ದಾಣದಲ್ಲಿ ನಿಂತು ನೋಡಿದವರಿಗೆ ಇವರನ್ನು ಗುರುತಿಸುವುದು ಕಷ್ಟವಲ್ಲ. ಹೆಗಲಿಗೊಂದು ಹೊಸ ಚೀಲ. ಕೈಯಲ್ಲಿ ಅಂಕಪಟ್ಟಿಗಳನ್ನಿಟ್ಟ ಪ್ಲಾಸ್ಟಿಕ್ ಲಕೋಟೆ. ಎರಡು ಹೆಜ್ಜೆ ಹಿಂದೆ ಒಗೆದ ಪಂಚೆಯುಟ್ಟ ತಂದೆ. ಹೆಜ್ಜೆಗೊಬ್ಬರನ್ನು ನಿಲ್ಲಿಸಿ ದಾರಿ ಕೇಳುವವನು ತಂದೆ; ತಂದೆ ಕೇಳುತ್ತಾನಲ್ಲಾ ಎಂದು ನಾಚುವವನು ಮಗ.

ಅಂಥ ಹುಡುಗರಲ್ಲಿ ಒಬ್ಬನು ಹೆಗ್ಗಡದೇವನಕೋಟೆ ತಾಲ್ಲೂಕಿನ ಕಡೆಯಿಂದ ಬಂದವನು. ಬಸ್ಸಿಳಿದು ಮತ್ತೆ ಎರಡು ಮೈಲಿ ನಡೆಯಬೇಕಾದ ಹಳ್ಳಿ. ಮನೆತನದಲ್ಲಿ ಕಾಲೇಜಿನ ಬಾಗಿಲು ತುಳಿದವರು ಅವನಿಗಿಂತ ಮುಂಚೆ ಯಾರೂ ಇರಲಿಲ್ಲ. ತಾಯಿ ಹುರಿಹಿಟ್ಟನ್ನೂ ಮಾವಿನಕಾಯಿಯ ಉಪ್ಪಿನಕಾಯಿಯನ್ನೂ ಕಟ್ಟಿಕೊಟ್ಟಿದ್ದಳು. ತಂದೆಯು ಮಹಾರಾಜ ಕಾಲೇಜಿನ ಮೆಟ್ಟಿಲ ಬಳಿಗೆ ಬಂದವನೇ, ಯಾರೂ ಹೇಳದೆ, ಯೋಚಿಸದೆ, ಕಾಲಿನ ಚಪ್ಪಲಿಯನ್ನು ಕಳಚಿ ಬದಿಗಿಟ್ಟನು. ಅದೇ ಹೊತ್ತಿಗೆ ಮೂರು ನಾಲ್ಕು ಪೇಟೆಯ ಹುಡುಗರು ನಗುತ್ತ ಮೆಟ್ಟಿಲಿಳಿದು ಬಂದರು. ಅವರು ನಕ್ಕದ್ದು ಬೇರೆ ಯಾವುದೋ ಮಾತಿಗೆ ಇರಬಹುದು. ಹುಡುಗನ ಕಿವಿಗಳು ಮಾತ್ರ ಕೆಂಪಾದುವು.

"ಅಪ್ಪ, ಚಪ್ಪಲಿ ಹಾಕ್ಕೋ. ಇದು ಗುಡಿ ಅಲ್ಲ."

"ಇರಲಿ ಬುಡ್ಲಾ. ಮಹಾರಾಜರು ಕಟ್ಟಿಸಿದ್ದು. ನಂದೇನು ಹೋಯ್ತದೆ?"

ಹೊಸಬರನ್ನು ಬರಮಾಡಿಕೊಳ್ಳುವ ಸಭೆಗಳು ಎಲ್ಲ ಹಳೆಯ ವಿದ್ಯಾಸಂಸ್ಥೆಗಳಲ್ಲಿಯೂ ಒಂದೇ ಬಗೆಯವು. ಸಂಸ್ಥೆಯ ಕಥೆಯನ್ನು ಅಲ್ಲಿ ಹೇಳುತ್ತಾರೆ. ಈ ಕಾಲೇಜಿಗಾದರೋ ಹೇಳಲು ಕಥೆ ಬೇಕಾದಷ್ಟಿದೆ. 1831ರಲ್ಲಿ ರಾಜ್ಯದ ಆಡಳಿತವನ್ನು ಇಂಗ್ಲಿಷರು ವಶಪಡಿಸಿಕೊಂಡ ಮೇಲೆ, ಕೇವಲ 2 ವರ್ಷಗಳಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರು ತೆರೆದ ಉಚಿತ ಇಂಗ್ಲಿಷ್ ಶಾಲೆಯೇ ಇದರ ಮೂಲ. ರಾಜ್ಯ ಕೈತಪ್ಪಿದ ದೊರೆಯೊಬ್ಬನು ಶಾಲೆಯನ್ನು ತೆರೆದನೆಂಬುದು ಯೋಚಿಸತಕ್ಕ ಸಂಗತಿ. ಆದರೆ ಸಭೆಗಳಲ್ಲಿ ಅದನ್ನು ಒಂದೇ ವಾಕ್ಯದಲ್ಲಿ ದಾಟಿಬಿಡುತ್ತಾರೆ. ಬಳಿಕ 1916ರ ಜುಲೈ 27. ಅಲ್ಲಿಯವರೆಗೆ ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದ ಈ ಕಾಲೇಜೂ ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಹೊಸದಾಗಿ ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯದ ಎರಡು ಕಂಬಗಳಾದುವು. ಆಮೇಲೆ ಹೆಸರುಗಳ ಮಾಲೆ: ತತ್ತ್ವಶಾಸ್ತ್ರಕ್ಕೆ ರಾಧಾಕೃಷ್ಣನ್, ಸಂಸ್ಕೃತಕ್ಕೆ ಹಿರಿಯಣ್ಣ, ಇಂಗ್ಲಿಷಿಗೆ ಬಿ. ಎಂ. ಶ್ರೀಕಂಠಯ್ಯ, ಕನ್ನಡಕ್ಕೆ ಟಿ. ಎಸ್. ವೆಂಕಣ್ಣಯ್ಯ. ಶಿಷ್ಯರಲ್ಲಿ ಕುವೆಂಪು, ಆರ್. ಕೆ. ನಾರಾಯಣ್, ಆರ್. ಕೆ. ಲಕ್ಷ್ಮಣ್.

ನಮ್ಮ ಹುಡುಗನು ಈ ಹೆಸರುಗಳನ್ನೆಲ್ಲ ಹೊಸ ನೋಟುಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಂಡನು. ಬರೆಯುತ್ತ ಬರೆಯುತ್ತ ಅವನಿಗೆ ಎದೆ ಉಬ್ಬಬೇಕಾಗಿತ್ತು. ಸಭೆಯ ಉದ್ದೇಶವೂ ಅದೇ. ಆದರೆ ಒಂದೊಂದು ಹೆಸರಿಗೂ ಅವನು ಬೆಂಚಿನ ಮೇಲೆ ಒಂದೊಂದು ಅಂಗುಲ ಕುಗ್ಗಿದನು. ದೊಡ್ಡವರ ಮನೆಯ ಮದುವೆಗೆ ಕರೆಯದೆ ಬಂದು ಪಂಕ್ತಿಯಲ್ಲಿ ಕುಳಿತವನಿಗೆ, ಬಡಿಸುವವನು ಹತ್ತಿರ ಬರುತ್ತಿದ್ದಂತೆ ಆಗುವ ಅಳುಕು ಅವನದಾಗಿತ್ತು.

ಮುಂದಿನ ದಿನಗಳಲ್ಲಿ ಈ ಅಳುಕು ಬೆಳೆಯಿತೇ ಹೊರತು ಕರಗಲಿಲ್ಲ. ತರಗತಿಯಲ್ಲಿ ಹಾಜರಿ ಕೂಗುವಾಗ ಅವನು "ಪ್ರೆಸೆಂಟ್ ಸಾರ್" ಎಂದದ್ದು ಅವನ ಮುಂದಿನ ಬೆಂಚಿಗೂ ಕೇಳಿಸುತ್ತಿರಲಿಲ್ಲ. ಅಧ್ಯಾಪಕರು ತಲೆಯೆತ್ತಿ ಇನ್ನೊಮ್ಮೆ ಕೂಗಬೇಕಾಗುತ್ತಿತ್ತು. ಆಗ ಎಲ್ಲರೂ ತಿರುಗಿ ನೋಡುತ್ತಿದ್ದರು. ಪಕ್ಕದಲ್ಲಿ ಕುಳಿತವನ ಊರು ಯಾವುದೆಂದು ಇವನು ಕೇಳಲಿಲ್ಲ, ಅವನೂ ಕೇಳಲಿಲ್ಲ. ಸಂಜೆ ವಿದ್ಯಾರ್ಥಿನಿಲಯದಲ್ಲಿ ಮೊಬೈಲು ಬಾರಿಸಿದರೆ ಅತ್ತ ಕಡೆಯಿಂದ ಅವ್ವನ ಧ್ವನಿ: "ಉಂಡಾ ಮಗ?" ಉಂಡೆನೆಂದು ಹೇಳಿ ಇಡುವನು. ಊರಿನ ಗೆಳೆಯನೊಬ್ಬನು ನಂಜನಗೂಡಿನ ಕಾರ್ಖಾನೆಗೆ ಸೇರಿ ಮೊದಲ ತಿಂಗಳ ಸಂಬಳದಲ್ಲಿ ಕೊಂಡ ಬೂಟಿನ ಚಿತ್ರವನ್ನು ಕಳಿಸಿದ್ದನು. ಅದನ್ನು ಅವನು ದಿನಕ್ಕೆ ನಾಲ್ಕು ಸಲವಾದರೂ ತೆಗೆದು ನೋಡುತ್ತಿದ್ದನು.

ಹೀಗೆ ಕುಗ್ಗುವುದರಲ್ಲಿ ತಪ್ಪು ಹುಡುಗನದೇ ಎಂದು ಹೇಳುವುದು ಸುಲಭ. ಆದರೆ ಕಥೆ ಹೇಳುವ ರೀತಿಯಲ್ಲಿಯೂ ಒಂದು ಕೊರತೆಯಿದೆ. ಸಂಸ್ಥೆಯ ಕಥೆಯನ್ನು ಯಾವಾಗಲೂ ಕೊನೆಯಿಂದ ಹೇಳುತ್ತಾರೆ. ಗೋಡೆಯ ಮೇಲಿನ ಭಾವಚಿತ್ರಗಳಲ್ಲಿ ಎಲ್ಲರಿಗೂ ನರೆತ ಕೂದಲು, ಹೆಗಲ ಮೇಲೆ ಶಾಲು. ಅವರೂ ಒಂದು ಬೆಳಿಗ್ಗೆ ಇದೇ ಮೆಟ್ಟಿಲ ಬಳಿ, ಎಡಗಾಲೋ ಬಲಗಾಲೋ ಎಂದು ತಿಳಿಯದೆ ನಿಂತಿದ್ದರೆಂಬುದನ್ನು ಭಾವಚಿತ್ರವು ಹೇಳುವುದಿಲ್ಲ.

ಹಾಜರಿ ಪುಸ್ತಕದ ದೃಷ್ಟಿಯಿಂದ ನೋಡಿದರೆ ಕಥೆ ಬೇರೆಯಾಗಿಯೇ ಕಾಣುತ್ತದೆ. ಅದರಲ್ಲಿ ಕುವೆಂಪು ಎಂಬ ವಿದ್ಯಾರ್ಥಿಯೇ ಇರಲಾರನು, ಇದ್ದವನು ಕೆ. ವಿ. ಪುಟ್ಟಪ್ಪ, ತೀರ್ಥಹಳ್ಳಿಯ ಕಡೆಯ ಕುಪ್ಪಳಿಯ ಮಲೆನಾಡ ಹುಡುಗ. ಕವಿತೆ ಕಟ್ಟುವ ಹುಚ್ಚು ಹೌದು, ಆದರೆ ಕಟ್ಟುತ್ತಿದ್ದುದು ಇಂಗ್ಲಿಷಿನಲ್ಲಿ. 1922ರಲ್ಲಿ ಇಂಗ್ಲಿಷ್ ಕವನಗಳ ಚಿಕ್ಕ ಪುಸ್ತಕವೊಂದು ಅಚ್ಚೂ ಆಗಿತ್ತು. 1924ರಲ್ಲಿ ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ಹುಡುಗನು ಆ ಪದ್ಯಗಳನ್ನು ತೋರಿಸಿದನು. ನಿನ್ನ ಭಾಷೆಯಲ್ಲಿ ಬರೆ ಎಂಬುದು ಹಿರಿಯನ ಸಲಹೆ. ಮಾತು ಹಿತವಾಗಿದ್ದಿರಲಾರದು. ಪರೀಕ್ಷೆಗೆ ಕೊಟ್ಟ ಚಿನ್ನವನ್ನು ಅಕ್ಕಸಾಲಿಗನು ಬದಿಗೆ ಸರಿಸಿದಂತೆ ಆಗಿದ್ದರೂ ಆಗಿರಬಹುದು. ಆ ಹುಡುಗನು ಮಹಾರಾಜ ಕಾಲೇಜಿನಿಂದ 1927ರಲ್ಲಿ ಬಿ. ಎ., 1929ರಲ್ಲಿ ಕನ್ನಡ ಎಂ. ಎ. ಮುಗಿಸಿ, ಅಲ್ಲಿಯೇ ಅಧ್ಯಾಪಕನಾದನು. 1955ರಲ್ಲಿ ಅದೇ ಕಾಲೇಜಿನ ಪ್ರಿನ್ಸಿಪಾಲ್, ಮರುವರ್ಷ ವಿಶ್ವವಿದ್ಯಾನಿಲಯದ ಉಪಕುಲಪತಿ. 1949ರಲ್ಲಿ ಹೊರಬಂದ 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯವನ್ನು ಅರ್ಪಿಸಿದ್ದು ಯಾರಿಗೆ? ಕಾಲೇಜಿನಲ್ಲಿ ಕನ್ನಡ ಕಲಿಸಿದ, ಅಷ್ಟು ಹೊತ್ತಿಗೆ ತೀರಿಕೊಂಡು 10 ವರ್ಷವಾಗಿದ್ದ ವೆಂಕಣ್ಣಯ್ಯನವರಿಗೆ.

ಇನ್ನು ನಾರಾಯಣ್. ಅವರ ಪೂರ್ಣ ಹೆಸರು ನಾರಾಯಣಸ್ವಾಮಿ. ಅದನ್ನು ಮೊಟಕುಗೊಳಿಸಲು ಗ್ರಹಾಂ ಗ್ರೀನ್ ಸಲಹೆ ಕೊಟ್ಟದ್ದು 1935ರಲ್ಲಿ ಮೊದಲ ಕಾದಂಬರಿ ಅಚ್ಚಾಗುವ ಹೊತ್ತಿನಲ್ಲಿ. ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ಈ ನಾರಾಯಣಸ್ವಾಮಿ ನಪಾಸಾಗಿ ಒಂದು ವರ್ಷ ಮನೆಯಲ್ಲಿದ್ದನು. ತಂದೆಯೇ ಶಾಲೆಯೊಂದರ ಮುಖ್ಯೋಪಾಧ್ಯಾಯರು! ಆ ವರ್ಷ ಮನೆಯಲ್ಲಿ ನಡೆದ ಊಟಗಳ ಮೌನವನ್ನು, ಇಂಥ ಫಲಿತಾಂಶಗಳನ್ನು ಕಂಡ ಕುಟುಂಬಗಳು ಊಹಿಸಿಕೊಳ್ಳಬಲ್ಲವು. 1926ರಲ್ಲಿ ಕಾಲೇಜು ಸೇರಿದ ಮೇಲೂ 3 ವರ್ಷದ ಓದಿಗೆ 4 ವರ್ಷ ಹಿಡಿಯಿತು. ತಮ್ಮ ಲಕ್ಷ್ಮಣನಾದರೂ ಮೊದಲು ಬಯಸಿದ್ದು ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು, ಅಗತ್ಯವಾದ ಪ್ರತಿಭೆ ಕಾಣುವುದಿಲ್ಲವೆಂದು ಅವರು ಹಿಂದಿರುಗಿಸಿದ ಮೇಲೆ ಮೈಸೂರಿನಲ್ಲಿಯೇ ಬಿ. ಎ. ತರಗತಿಗೆ ಸೇರಿದನು. ಅಣ್ಣನ ಕಥೆಗಳಿಗೂ 'ಕೊರವಂಜಿ'ಗೂ ಚಿತ್ರ ಬರೆಯುತ್ತ ಕಾಲೇಜಿನ ದಿನಗಳು ಕಳೆದುವು.

ಇಷ್ಟೂ ಹೆಸರು ಗಳಿಸಿದವರ ಮಾತು. ಹೆಸರಿಲ್ಲದವರ ಕಥೆ ಇನ್ನೂ ದೊಡ್ಡದು. ಹಳೆಯ ಮೈಸೂರಿನಲ್ಲಿ ಬಡ ಹುಡುಗರಿಗೆ ವಾರಾನ್ನವೆಂಬುದಿತ್ತು: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು, ಹೀಗೆ ವಾರಕ್ಕೆ ಏಳು ಮನೆಗಳ ಊಟ. ಒಂದು ಮನೆ ತಪ್ಪಿದರೆ ಆ ದಿನ ನೀರೇ ಗತಿ. ಆ ಸೌಕರ್ಯವೂ ಎಲ್ಲ ಜಾತಿಯ ಹುಡುಗರಿಗೆ ಇರಲಿಲ್ಲವೆಂಬುದನ್ನು ಮರೆಯಬಾರದು. ಅವರಿಗಾಗಿ ಉಚಿತ ವಿದ್ಯಾರ್ಥಿನಿಲಯಗಳು ಒಂದೊಂದಾಗಿ ಏಳಬೇಕಾಯಿತು. ಅಲ್ಲಿ ಮುದ್ದೆ ತೊಳಸಿದವರ, ಬಾಗಿಲಲ್ಲಿ ನಿಂತು "ಇವತ್ತು ನಮ್ಮ ಮನೆಯ ಸರದಿ, ಬಾರಪ್ಪ" ಎಂದ ತಾಯಂದಿರ ಹೆಸರು ಯಾವ ಕಾಲೇಜಿನ ಚರಿತ್ರೆಯಲ್ಲಿಯೂ ಸಿಕ್ಕುವುದಿಲ್ಲ. ಕಾಲೇಜಿನಿಂದ ಸ್ವಲ್ಪ ದೂರದಲ್ಲಿರುವ ರಾಮಸ್ವಾಮಿ ವೃತ್ತವನ್ನು ದಿನವೂ ದಾಟುವವರಲ್ಲಿ, 1947ರ ಸೆಪ್ಟೆಂಬರಿನಲ್ಲಿ ಮೈಸೂರು ಚಲೋ ಚಳವಳಿಯ ಕಾಲಕ್ಕೆ ಗುಂಡಿಗೆ ಬಲಿಯಾದ ವಿದ್ಯಾರ್ಥಿಯ ಹೆಸರು ಅದೆಂದು ತಿಳಿದವರು ಎಷ್ಟು ಮಂದಿಯೋ!

ಹುಡುಗನಿಗೆ ಇದೊಂದೂ ಗೊತ್ತಿರಲಿಲ್ಲ. ಅವನ ತಲೆಯಲ್ಲಿ ಉಳಿದದ್ದು ಸಭೆಯಲ್ಲಿ ಹೇಳಿದ ಒಂದೇ ಪ್ರಸಂಗ. 1918ರಲ್ಲಿ 30ರ ವಯಸ್ಸಿನಲ್ಲಿ ಮೈಸೂರಿಗೆ ಬಂದ ರಾಧಾಕೃಷ್ಣನ್ 1921ರಲ್ಲಿ ಕಲ್ಕತ್ತೆಗೆ ಹೊರಟರು. ಅವರನ್ನು ರೈಲು ನಿಲ್ದಾಣಕ್ಕೆ ಒಯ್ಯಲು ಸಾರೋಟು ಸಿದ್ಧವಾಗಿತ್ತು. ವಿದ್ಯಾರ್ಥಿಗಳು ಕುದುರೆಗಳನ್ನು ಬಿಚ್ಚಿಬಿಟ್ಟರು. ಹೂವಿನಿಂದ ಅಲಂಕರಿಸಿದ ಸಾರೋಟನ್ನು ತಾವೇ ನಿಲ್ದಾಣದವರೆಗೆ ಎಳೆದುಕೊಂಡು ಹೋದರು. ಈ ಕಥೆಯನ್ನು ಮೈಸೂರಿನಲ್ಲಿ ಸಾವಿರ ಸಲ ಹೇಳಿದ್ದಾರೆ. ಗುರುವಿನ ಹಿರಿಮೆಗೆ ಉದಾಹರಣೆಯಾಗಿಯೇ ಪ್ರತಿಸಲವೂ ಹೇಳಿದ್ದಾರೆ.

ಮೂರನೆಯ ವಾರದ ಶುಕ್ರವಾರ ರಾತ್ರಿ ಹುಡುಗನು ಚೀಲ ಕಟ್ಟಿದನು. ಪುಸ್ತಕಗಳನ್ನೂ ಒಳಗಿಟ್ಟನು. ಎರಡು ದಿನದ ರಜೆಗೆ ಊರಿಗೆ ಹೋಗುವವನು ಚಾಪೆಯನ್ನು ಸುತ್ತಿ ಕಟ್ಟುವುದಿಲ್ಲ. ಅದೇ ಕೋಣೆಯಲ್ಲಿದ್ದ, ಅದೇ ತಾಲ್ಲೂಕಿನ, ಕೊನೆಯ ವರ್ಷದ ವಿದ್ಯಾರ್ಥಿಯ ಕಣ್ಣಿಗೆ ಅದು ಬಿತ್ತು.

"ಯಾಕ್ಲಾ, ಚಾಪೇನೂ ಕಟ್ಟಿದೀಯ?"

"ಸುಮ್ಕೆ ಅಣ್ಣ."

"ನಂದೂ ಒಂದ್ಸಲ ಕಟ್ಟಿತ್ತು." ಇಷ್ಟು ಹೇಳಿ ಹಿರಿಯನು ಮಗ್ಗುಲು ಬದಲಾಯಿಸಿದನು. ಬುದ್ಧಿ ಹೇಳುವ ಗೋಜಿಗೆ ಹೋಗಲಿಲ್ಲ. ಅಷ್ಟರಮಟ್ಟಿಗೆ ಅವನು ಅನೇಕ ಹಿರಿಯರಿಗಿಂತ ವಿವೇಕಿ.

ದೀಪವಾರಿತು. ಕಿಟಕಿಯ ಹೊರಗೆ ತುಂತುರು ಮಳೆ. ಬಹಳ ಹೊತ್ತಿನ ಮೇಲೆ ಕತ್ತಲಲ್ಲಿ ಹುಡುಗನ ಧ್ವನಿ ಕೇಳಿಸಿತು.

"ಅಣ್ಣ, ಆ ಸಾರೋಟು ಎಳೆದ್ರಲ್ಲ, ಅವರು ಯಾರು?"

"ಯಾವ ಸಾರೋಟು? ಓ, ಅದಾ. ಯಾರೋ ಹುಡುಗರು."

"ಹೆಸರು?"

"ಯಾರಿಗ್ಗೊತ್ತು? ಬರೆದಿಟ್ಟಿರೋರು ಯಾರು? ಇಲ್ಲಿ ಓದ್ತಿದ್ದೋರು, ಅಷ್ಟೆ."

ಹುಡುಗನು ಸುಮ್ಮನಾದನು. ಅವನ ಊರಿನಲ್ಲಿ ವರ್ಷಕ್ಕೊಮ್ಮೆ ತೇರು. ಹನ್ನೆರಡನೆಯ ವಯಸ್ಸಿನಿಂದ ಅವನು ಹಗ್ಗ ಹಿಡಿದವನು. ತೇರು ಮೊದಲ ಜಗ್ಗಿಗೆ ಕದಲುವುದಿಲ್ಲ. ಹಗ್ಗದ ತುದಿಯಲ್ಲಿ ನಿಂತವನಿಗೆ ದೇವರು ಕಾಣುವುದಿಲ್ಲ; ಕಾಣುವುದು ಮುಂದಿನವನ ಬೆನ್ನು, ಬೆವರು. ಅಂಗೈ ಉರಿಯುತ್ತದೆ. ಎಲ್ಲಿಯೋ ಹಿಂದೆ ಚಕ್ರವು ಕಿರುಗುಟ್ಟಿದ ಶಬ್ದ ಕೇಳಿದಾಗಲೇ ತೇರು ಹೊರಟಿತೆಂದು ತಿಳಿಯುವುದು. ಜಾತ್ರೆ ಮುಗಿದ ಮೇಲೆ ಯಾರು ಎಳೆದರೆಂದು ಕೇಳಿದವರು ಇಲ್ಲ. ಎಳೆದವರಿಗೂ ಕೇಳಬೇಕೆಂದು ತೋರಿದ್ದಿಲ್ಲ. ಆ ಕತ್ತಲಲ್ಲಿ ಅವನಿಗೆ ಒಂದು ಬಗೆಯ ನಗು ಬಂದಿತು. 1921ರ ಆ ಹುಡುಗರಲ್ಲಿ ಮೊದಲ ವರ್ಷದವರೂ ಇದ್ದಿರಬೇಕು. ಹಳ್ಳಿಗಳಿಂದ ಬಂದವರೂ ಇದ್ದಿರಬೇಕು. ಪೇಟೆಯ ಹುಡುಗರಿಗೆ ಅಷ್ಟು ಭಾರವನ್ನು ಎಳೆಯುವ ಹದವಾದರೂ ಹೇಗೆ ತಿಳಿದೀತು?

ಶನಿವಾರ ಅವನು ಊರಿಗೆ ಹೋದನು. ಚಾಪೆ ವಿದ್ಯಾರ್ಥಿನಿಲಯದಲ್ಲಿಯೇ ಉಳಿಯಿತು. ತಂದೆಯು ಜಗುಲಿಯ ಮೇಲೆ ಕುಳಿತವರಿಗೆಲ್ಲ ಕಾಲೇಜಿನ ಕಂಬಗಳು ಎಷ್ಟು ದಪ್ಪವೆಂದು ತೋಳು ಚಾಚಿ ತೋರಿಸುತ್ತಿದ್ದನು. ಅದು ಅಷ್ಟು ದಪ್ಪವಿಲ್ಲವೆಂದು ಮಗನಿಗೆ ಗೊತ್ತಿತ್ತು, ತಿದ್ದಲಿಲ್ಲ. ಭಾನುವಾರ ಸಂಜೆ ಅವ್ವನು ಎರಡು ಪಾಲು ಹುರಿಹಿಟ್ಟು ಕಟ್ಟಿದಳು. ಒಂದು ಪಾಲು ಕೋಣೆಯ ಅಣ್ಣನಿಗೆಂದು ಅವನೇ ಕೇಳಿ ಕಟ್ಟಿಸಿಕೊಂಡದ್ದು.

ಸೋಮವಾರ ಮೊದಲ ತರಗತಿಯಲ್ಲಿ ಹಾಜರಿ ಕೂಗಿದರು. ಅವನ ಸರದಿ ಬಂದಿತು. ಅಧ್ಯಾಪಕರು ರೂಢಿಯಂತೆ ಇನ್ನೊಮ್ಮೆ ಕೂಗಲು ಬಾಯಿ ತೆರೆದವರು, ಉತ್ತರ ಬಂದುಬಿಟ್ಟದ್ದನ್ನು ಕೇಳಿ, ಗುರುತು ಹಾಕಿ ಮುಂದಿನ ಹೆಸರಿಗೆ ಹೋದರು. ಪಕ್ಕದಲ್ಲಿ ಕುಳಿತಿದ್ದ ಹುಡುಗನು ಅವನ ಕಡೆಗೆ ಸ್ವಲ್ಪ ಬಾಗಿ, ಮೂರು ವಾರಗಳಲ್ಲಿ ಮೊದಲ ಸಲ, ಮೆಲ್ಲಗೆ ಕೇಳಿದನು:

"ನಿಂದು ಯಾವೂರು? ನಮ್ಮದು ಚಾಮರಾಜನಗರದ ಹತ್ರ ಒಂದು ಹಳ್ಳಿ."