ಮೂರು ಮೀಟರ್ ದಾರಿ

ಶಾಂತಿಗ್ರಾಮದಲ್ಲಿ ನನಗೆ ಆತ್ಮೀಯರಾದ ನಿವೃತ್ತ ಉಪಾಧ್ಯಾಯರೊಬ್ಬರಿದ್ದಾರೆ. ಅವರಿಗೆ ಪಾರ್ಕಿನ್ಸನ್ ಕಾಯಿಲೆ. ಒಂದು ಸಂಜೆ ಅವರ ಮನೆಗೆ ಹೋದಾಗ, ನನ್ನನ್ನು ಸ್ವಾಗತಿಸಲು ಬರುತ್ತಿದ್ದವರು ಹೊಸ್ತಿಲ ಬಳಿ ಹಠಾತ್ತನೆ ನಿಂತುಬಿಟ್ಟರು. "ಬನ್ನಿ ಮೇಷ್ಟ್ರೇ, ಬೇಗ ಬನ್ನಿ" ಎಂದೆ, ಸಲಿಗೆಯಿಂದ. ದೇಹ ಮುಂದಕ್ಕೆ ವಾಲಿತು. ಪಾದಗಳು ನೆಲ ಬಿಡಲಿಲ್ಲ. ಮಗ ಓಡಿಬಂದು ಹಿಡಿಯದಿದ್ದರೆ ಬಿದ್ದೇಬಿಡುತ್ತಿದ್ದರು. ಆ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಹಾಸಿಗೆಯೇ ಗತಿಯಾಗಬಹುದು.

ಮುಂದಿನ ವಾರ ಅವರೊಡನೆ ನಾನೂ ಹಾಸನದ ವೈದ್ಯರಲ್ಲಿಗೆ ಹೋದೆ. ಪರೀಕ್ಷೆ ಬಹು ಸರಳ: ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕುಳಿತುಕೊಳ್ಳಬೇಕು. ವೈದ್ಯರು ಗಡಿಯಾರವನ್ನಷ್ಟೇ ನೋಡಲಿಲ್ಲ. ಏಳುವಾಗ ಕೈಯೂರಿದರೇ, ಎರಡು ಕೈಗಳೂ ಸಮನಾಗಿ ಬೀಸಿದವೇ, ತಿರುಗಲು ಎಷ್ಟು ಹೆಜ್ಜೆ ಬೇಕಾಯಿತು ಎಂಬುದನ್ನೆಲ್ಲ ಗಮನಿಸಿದರು. ಬಳಿಕ ಮೊದಲೇ ತಿಳಿಸಿ, ಬೆನ್ನ ಹಿಂದೆ ನಿಂತು, ಭುಜಗಳನ್ನು ಥಟ್ಟನೆ ತಮ್ಮತ್ತ ಎಳೆದರು. ಆರೋಗ್ಯವಂತರು ಒಂದೆರಡು ಹೆಜ್ಜೆ ಹಿಂದಿಟ್ಟು ಸಾವರಿಸಿಕೊಳ್ಳುತ್ತಾರೆ. ಮೇಷ್ಟ್ರು ವೈದ್ಯರ ತೋಳುಗಳಿಗೇ ಒರಗಿದರು. ಇದನ್ನು ಮನೆಯಲ್ಲಿ ಮಾಡಿ ನೋಡಬೇಡಿ. ಹಿಡಿಯಲು ಸಿದ್ಧರಾದ ನುರಿತವರೇ ಮಾಡಬೇಕಾದ ಪರೀಕ್ಷೆಯಿದು.

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಆರು ರೋಗಿಗಳನ್ನು ಕುರಿತು ಬರೆದು ಈ ಕಾಯಿಲೆಯನ್ನು ವಿವರಿಸಿದರು. ಅವರಲ್ಲಿ ಕೆಲವರನ್ನು ಅವರು ಬೀದಿಯಲ್ಲಿ ಕಂಡಿದ್ದರಷ್ಟೆ. ನಡಿಗೆಯನ್ನು ತಾಳ್ಮೆಯಿಂದ ನೋಡುವುದರಲ್ಲೇ ಅಷ್ಟು ಅರಿವಿದೆ. ಮಿದುಳಿನಲ್ಲಿ ಡೋಪಮಿನ್ ತಯಾರಿಸುವ ಕೋಶಗಳು ನಶಿಸಿದಂತೆ, ನಾವು ಯೋಚಿಸದೆ ಇಡುವ ಹೆಜ್ಜೆಯನ್ನು ರೋಗಿಯು ಯೋಚಿಸಿ ಇಡಬೇಕಾಗುತ್ತದೆ. ಆಗ ನಮ್ಮ ಮಾತು, ನಮ್ಮ ಅವಸರ, ಇಕ್ಕಟ್ಟಾದ ಬಾಗಿಲು ಎಲ್ಲವೂ ಅಡ್ಡಿಯೇ. ನೆಲದ ಮೇಲಿನ ಗೆರೆ, "ಒಂದು, ಎರಡು" ಎಂಬ ಎಣಿಕೆ ಅನೇಕರಿಗೆ ನೆರವಾಗುತ್ತವೆ.

ಜಗದ್ಗುರು ಎರಡನೆಯ ಜಾನ್ ಪೌಲರಿಗೂ ಇದೇ ಕಾಯಿಲೆಯಿತ್ತು. 2005ರ ಏಪ್ರಿಲ್ 2ರಂದು ನಿಧನರಾಗುವ ಕೆಲವೇ ದಿನಗಳ ಹಿಂದಿನವರೆಗೂ ಅವರು ಜನರ ಮುಂದೆ ಕಾಣಿಸಿಕೊಂಡರು. ಅವರ ನಿಧಾನಕ್ಕಾಗಿ ಲೋಕವೇ ಕಾಯಿತು. ನಮ್ಮ ಮನೆಯ ಹಿರಿಯರಿಗಾಗಿ ಅರೆಗಳಿಗೆ ಕಾಯಲು ನಮಗೆ ಪುರುಸೊತ್ತಿಲ್ಲವೇ?

ಮೇಷ್ಟ್ರ ಹೊಸ್ತಿಲ ಬಳಿ ಮಗ ಈಗ ಬಿಳಿಯ ಪಟ್ಟಿಗಳನ್ನು ಬಳಿದಿದ್ದಾನೆ. ನಾನು ಹೋದಾಗ ಅವರು ಎದ್ದು, ಒಂದೊಂದು ಪಟ್ಟಿಯನ್ನೂ ದಾಟಿ ಬರುತ್ತಾರೆ. ಅವರು ಬಂದು ಕುಳಿತುಕೊಳ್ಳುವವರೆಗೆ ನಾನು ಮಾತನಾಡುವುದಿಲ್ಲ.