ಮೊಮ್ಮಗನಿಗೊಂದು ಉಡುಗೊರೆ

ಸೀರೆಯನ್ನು ಉಡುಗೊರೆ ಕೊಡಬೇಕೆಂದರೆ ಕೊಳ್ಳೇಗಾಲದವರಿಗೆ ಚಿಂತೆಯಿಲ್ಲ. ಮಗಳಿಗೆ ಯಾವ ಬಣ್ಣ ಒಪ್ಪೀತು, ಬೀಗಿತ್ತಿಗೆ ಎಷ್ಟು ಅಗಲದ ಅಂಚು ಇರಬೇಕು ಎಂಬುದು ಮಗ್ಗದ ಸದ್ದನ್ನು ಕೇಳುತ್ತ ಬೆಳೆದ ಆ ಊರಿನಲ್ಲಿ ಗಂಡಸರಿಗೂ ತಿಳಿದ ವಿಷಯ. ಆದರೆ ಯಂತ್ರದ ಹುಚ್ಚು ಹತ್ತಿದ ಹದಿನಾಲ್ಕು ವರ್ಷದ ಹುಡುಗನಿಗೆ ಏನು ಕೊಡಬೇಕು? ದಸರೆಗೆ ಇನ್ನೂ ಒಂದು ತಿಂಗಳಿರುವಾಗಲೇ ಈ ಪ್ರಶ್ನೆ ಕೊಳ್ಳೇಗಾಲದ ನಿವೃತ್ತ ಮೇಷ್ಟರೊಬ್ಬರ ನಿದ್ದೆಯನ್ನು ಕೆಡಿಸಿತು.

ಮೇಷ್ಟರಿಗೆ ಒಬ್ಬಳೇ ಮಗಳು, ಬೆಂಗಳೂರಿನಲ್ಲಿ ಸಂಸಾರ. ಅವಳ ಮಗ ಪ್ರತಿವರ್ಷ ದಸರೆಯ ರಜೆಗೆ ತಾತನ ಮನೆಗೆ ಬರುವುದು ವಾಡಿಕೆ. ಹುಡುಗ ಒಳ್ಳೆಯವನೇ. ಕರೆದರೆ ಬರುತ್ತಾನೆ, ಬಡಿಸಿದ್ದನ್ನು ಉಣ್ಣುತ್ತಾನೆ, ಅಜ್ಜಿಯ ಕಾಲಿಗೆ ನಮಸ್ಕರಿಸುತ್ತಾನೆ. ಆದರೆ ಅವನ ಮಾತೆಲ್ಲ ಪ್ರೊಸೆಸರು, ಸೆನ್ಸರು, ಬ್ಯಾಟರಿಗಳ ಮಾತು. ಮೂವತ್ತೈದು ವರ್ಷ ಹಳಗನ್ನಡದ ಪದ್ಯಗಳಿಗೆ ಅನ್ವಯ ಹೇಳಿದ ಮೇಷ್ಟರಿಗೆ ಆ ಮಾತಿನ ಅನ್ವಯ ಮಾತ್ರ ಹತ್ತಿರಲಿಲ್ಲ.

ಹಿಂದಿನ ವರ್ಷ ಅವರು ಸಾಹಸ ಮಾಡಿ ಒಂದು ಸ್ಮಾರ್ಟ್ ಗಡಿಯಾರವನ್ನು ಕೊಂಡು ತಂದಿದ್ದರು. ಅಂಗಡಿಯವನು ಅದು ನಾಡಿಬಡಿತವನ್ನು ಎಣಿಸುತ್ತದೆ, ಹೆಜ್ಜೆಯನ್ನು ಲೆಕ್ಕಹಾಕುತ್ತದೆ ಎಂದು ವರ್ಣಿಸಿದ್ದ. ಹುಡುಗ ಕೈಗೆ ಕಟ್ಟಿಕೊಂಡು, “ಚೆನ್ನಾಗಿದೆ ತಾತ” ಎಂದ. ಎರಡು ದಿನ ಕಟ್ಟಿಕೊಂಡೇ ಓಡಾಡಿದ. ಮೂರನೆಯ ದಿನ ಮಹಡಿಯ ಮೇಲೆ ಸ್ನೇಹಿತನೊಡನೆ ಫೋನಿನಲ್ಲಿ ಮಾತನಾಡುತ್ತ, “ಹಳೇ ಮಾಡೆಲ್ ಕಣೋ, ಅಪ್‌ಡೇಟೇ ಬರಲ್ಲ, ಆದರೆ ತಾತನಿಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ” ಎಂದದ್ದು ಬಟ್ಟೆ ಒಣಹಾಕಲು ಹೋಗಿದ್ದ ಮೇಷ್ಟರ ಕಿವಿಗೆ ಬಿತ್ತು. ರಜೆ ಮುಗಿದು ಹುಡುಗ ಊರಿಗೆ ಹೋದ ಮೇಲೆ ಗಡಿಯಾರ ಅಲಮಾರಿನ ಮೇಲೆ ಉಳಿದಿತ್ತು. ಅದು ಹುಡುಗನ ಮರೆವಿರಬಹುದು. ಮರೆವೂ ಕೆಲವೊಮ್ಮೆ ಅಭಿಪ್ರಾಯವನ್ನು ಹೇಳುತ್ತದೆ. ಹುಡುಗ ತನ್ನನ್ನು ನೋಯಿಸಬಾರದೆಂದು ಬಾಯಿ ಮುಚ್ಚಿಕೊಂಡನಲ್ಲ ಎಂಬುದೇ ಮೇಷ್ಟರನ್ನು ಹೆಚ್ಚು ನೋಯಿಸಿತು.

ಈ ಸಲ ಹುಡುಗ ಒಂಬತ್ತನೆಯ ತರಗತಿ. ಬರುವ ವರ್ಷ ಎಸ್.ಎಸ್.ಎಲ್.ಸಿ.; ರಜೆಯಲ್ಲಿಯೂ ವಿಶೇಷ ತರಗತಿಗಳಿರುತ್ತವೆಯೆಂದು ಮಗಳು ಆಗಲೇ ಸೂಚನೆ ಕೊಟ್ಟಿದ್ದಳು. ಆಮೇಲೆ ಕಾಲೇಜು, ಆಮೇಲೆ ಇನ್ನೇನೋ. ತಾತನ ಮನೆಯ ದಸರೆ ಇದೇ ಕೊನೆಯದಾದರೂ ಆಶ್ಚರ್ಯವಿಲ್ಲ. ಆದ್ದರಿಂದಲೇ ಉಡುಗೊರೆಯ ಪ್ರಶ್ನೆ ಬರಿಯ ಉಡುಗೊರೆಯ ಪ್ರಶ್ನೆಯಾಗಿ ಉಳಿದಿರಲಿಲ್ಲ.

“ದುಡ್ಡೇ ಕೊಟ್ಟುಬಿಡಿ, ಬೇಕಾದ್ದನ್ನು ಅವನೇ ತಗೊಳ್ಳಲಿ” ಎಂದರು ಅಜ್ಜಿ. ಅದು ವಿವೇಕದ ಮಾತೇ. ಆದರೆ ದುಡ್ಡಿನ ಲಕೋಟೆಯನ್ನು ಕೊಟ್ಟ ಮೇಲೆ ಕೊಡುವವನಿಗೂ ಪಡೆಯುವವನಿಗೂ ಮಾತು ಮುಗಿದಂತೆ ಎಂದು ಮೇಷ್ಟರ ಅಳುಕು. ಫೋನಿನಲ್ಲಿ ಮಗಳನ್ನು ಕೇಳಿದರೆ, “ಅಪ್ಪ, ಅವನಿಗೆ ಇರೋದೇ ಜಾಸ್ತಿ, ಏನೂ ಬೇಡ” ಎಂಬ ಉತ್ತರ ಬಂದಿತು.

ಮೊದಲು ಅವರು ಊರಿನ ಪೇಟೆಯನ್ನೇ ಸುತ್ತಿದರು. ಒಂದು ಅಂಗಡಿಯಲ್ಲಿ ಮಾತನಾಡಿಸಿದರೆ ಉತ್ತರ ಕೊಡುವ ಡಬ್ಬಿ. ಇನ್ನೊಂದರಲ್ಲಿ ಕಿವಿಯೊಳಗೆ ಕಡಲೆಯಂತೆ ಕೂರುವ ಇಯರ್‌ಫೋನು. ಎಲ್ಲವೂ ಚೆಲುವಾಗಿದ್ದವು, ಎಲ್ಲಕ್ಕೂ ರಿಯಾಯಿತಿ ಇತ್ತು. ಆದರೆ ಯಾವುದಕ್ಕೂ ಒಂದು ಮೊಳೆಯಾಗಲಿ ತಿರುಪಾಗಲಿ ಹೊರಗೆ ಕಾಣುತ್ತಿರಲಿಲ್ಲ. ಎಲ್ಲವನ್ನೂ ಅಂಟಿನಿಂದ ಮುಚ್ಚಿ ಮುದ್ರೆಯೊತ್ತಿದ್ದರು.

ಮುಂದಿನ ವಾರ ಮದುವೆಯ ನಿಮಿತ್ತ ಹನೂರಿಗೆ ಹೋಗಬೇಕಾಗಿ ಬಂತು. ಮಹದೇಶ್ವರ ಬೆಟ್ಟದ ದಾರಿಯಲ್ಲಿರುವ ಆ ಊರು ಬಹುಕಾಲ ಕೊಳ್ಳೇಗಾಲ ತಾಲ್ಲೂಕಿನಲ್ಲಿಯೇ ಇದ್ದು ಈಚೆಗೆ ಬೇರೆ ತಾಲ್ಲೂಕಾಗಿದೆ. ಅಲ್ಲಿ ಮೇಷ್ಟರ ಹಳೆಯ ಶಿಷ್ಯನೊಬ್ಬ ಮೊಬೈಲು ರಿಪೇರಿಯ ಅಂಗಡಿಯನ್ನಿಟ್ಟಿದ್ದ. ವ್ಯಾಕರಣದಲ್ಲಿ ಎರಡು ಸಲ ಅನುತ್ತೀರ್ಣನಾಗಿದ್ದ ಅವನು ಗುರುಗಳನ್ನು ಸ್ಟೂಲಿನ ಮೇಲೆ ಕೂರಿಸಿ ಚಹಾ ತರಿಸಿದ.

“ಹಾರುವ ಡ್ರೋನ್ ಕೊಡಿಸಿದರೆ ಹೇಗಪ್ಪಾ?” ಎಂದು ಮೇಷ್ಟರು ಕೇಳಿದರು.

“ಕೊಡಿಸಬೌದು ಸಾರ್. ಆದರೆ 2021ರ ಡ್ರೋನ್ ನಿಯಮ ಅಂತ ಒಂದಿದೆ. ಕಾಲು ಕೆ.ಜಿ. ಒಳಗಿನದಾದರೆ ಪೈಲಟ್ ಲೈಸೆನ್ಸ್ ಬೇಡ. ಹಾಗಂತ ಎಲ್ಲಿ ಬೇಕೋ ಅಲ್ಲಿ ಹಾರಿಸೋಕಾಗಲ್ಲ. ನಮ್ಮ ಕಡೆ ಎತ್ತ ನೋಡಿದರೂ ಕಾಡು. ಬಿಳಿಗಿರಿ ಕಡೆ ಹುಲಿ ಕಾಡು, ಈ ಕಡೆ ಮಲೆ ಮಹದೇಶ್ವರ ವನ್ಯಧಾಮ. ಅಲ್ಲಿ ಅಪ್ಪಣೆ ಇಲ್ಲದೆ ಹಾರಿಸಿದರೆ ಫಾರೆಸ್ಟಿನೋರು ಮೊಮ್ಮಗನನ್ನಲ್ಲ, ನಿಮ್ಮನ್ನು ಹಿಡೀತಾರೆ.”

ಬಿಳಿಗಿರಿರಂಗನ ಬೆಟ್ಟದ ಕಾಡು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಮಹದೇಶ್ವರ ಬೆಟ್ಟದ ಕಾಡು 2013ರಲ್ಲಿ ವನ್ಯಜೀವಿಧಾಮವಾಯಿತು. ಶಿಷ್ಯ ಅಷ್ಟಕ್ಕೆ ನಿಲ್ಲಲಿಲ್ಲ. ಇಂಥವರಿಗೆ ಕೊಡುವಾಗ ನೋಡಬೇಕಾದದ್ದನ್ನೆಲ್ಲ ಪಾಠದಂತೆ ಒಪ್ಪಿಸಿದ. ಹುಡುಗನ ಬಳಿ ಈಗೇನಿದೆ ಎಂದು ಮೊದಲು ತಿಳಿಯಬೇಕು. ಅವನಲ್ಲಿರುವುದಕ್ಕೆ ಹೊಂದದ ವಸ್ತುವಿನಿಂದ ಪ್ರಯೋಜನವಿಲ್ಲ. ತಿಂಗಳು ತಿಂಗಳು ಚಂದಾ ಬೇಡುವ ವಸ್ತುವನ್ನು ಕೊಟ್ಟರೆ ಅದು ಉಡುಗೊರೆಯಲ್ಲ, ಹುಡುಗನ ಅಪ್ಪನ ತಲೆಯ ಮೇಲಿನ ಸಾಲ. ಬ್ಯಾಟರಿಯಿರುವ ವಸ್ತುವಾದರೆ ಬಿ.ಐ.ಎಸ್. ಗುರುತನ್ನು ನೋಡಬೇಕು. ಬಿಲ್ಲನ್ನು ಎಸೆಯಬಾರದು. ಕೊನೆಗೆ ಅವನು ಹೇಳಿದ ಮಾತು ಇದು: “ಹೊಸದು ಏನು ಕೊಟ್ಟರೂ ಅದಕ್ಕಿಂತ ಹೊಸದು ಅವನಿಗೆ ಗೊತ್ತಿರುತ್ತೆ ಸಾರ್. ಆ ಓಟದಲ್ಲಿ ನೀವು ಗೆಲ್ಲಲ್ಲ.”

ಸೋಲನ್ನು ಒಪ್ಪಿಕೊಂಡ ಮೇಷ್ಟರು ನವರಾತ್ರಿಯ ಮೊದಲ ದಿನ ಯಳಂದೂರಿನ ಬಸ್ಸನ್ನು ಹತ್ತಿದರು. ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ದೊರೆತ ಆ ಪುಟ್ಟ ಊರಿನಲ್ಲಿ ಅವರ ಬಾಲ್ಯದ ಗೆಳೆಯರಿದ್ದರು. ಐವತ್ತು ವರ್ಷ ರೇಡಿಯೋ ರಿಪೇರಿ ಮಾಡಿ ಈಗ ಕಣ್ಣು ಮಂಜಾಗಿ ಅಂಗಡಿಯನ್ನು ಮುಚ್ಚಿದವರು. ಗೆಳೆಯರಿಬ್ಬರೂ ಗೌರೀಶ್ವರ ದೇವಾಲಯದ ಬಳೆಮಂಟಪದ ನೆರಳಿಗೆ ಹೋಗಿ ಕುಳಿತರು. ಒಂದೇ ಕಲ್ಲಿನಲ್ಲಿ ಕೊಂಡಿಗೆ ಕೊಂಡಿ ಬಿಡಿಸಿದ ಬಳೆಗಳ ಸರಪಳಿ ಆ ಮಂಟಪದ ಹೆಸರಿಗೆ ಕಾರಣ. ಗೆಳೆಯರು ಅದನ್ನು ತೋರಿಸಿ, “ಇದನ್ನ ನೋಡಿದಾಗಲೆಲ್ಲ ನನಗೆ ಒಂದೇ ಯೋಚನೆ, ಮಾಡಿದೋನ ಕೈಯಲ್ಲಿ ಎಂಥ ಉಳಿ ಇತ್ತೋ!” ಎಂದರು. ಆಮೇಲೆ ನಕ್ಕು, “ನಿಮ್ಮಪ್ಪನ ಟ್ರಾನ್ಸಿಸ್ಟರ್ ನೆನಪಿದೆಯೇನಯ್ಯಾ?” ಎಂದು ಕೇಳಿದರು.

ನೆನಪಿಲ್ಲದೆ ಏನು? 1960ರ ದಶಕದಲ್ಲಿ ಮೇಷ್ಟರ ತಂದೆ ವರ್ಷದ ಉಳಿತಾಯವನ್ನೆಲ್ಲ ಸುರಿದು ತಂದ ಟ್ರಾನ್ಸಿಸ್ಟರ್ ಅದು. ಆ ಕಾಲದಲ್ಲಿ ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. ವರ್ಷವರ್ಷವೂ ಅಂಚೆ ಕಚೇರಿಗೆ ಹೋಗಿ ಹಣ ಕಟ್ಟಿ ಪುಸ್ತಕದಲ್ಲಿ ಮುದ್ರೆ ಹಾಕಿಸಿಕೊಂಡು ಬರಬೇಕಾಗಿತ್ತು. ತಂದೆ ಊರಲ್ಲಿಲ್ಲದ ಒಂದು ಮಧ್ಯಾಹ್ನ ಈ ಇಬ್ಬರು ಹುಡುಗರು ಅದರ ಬೆನ್ನಿನ ಮುಚ್ಚಳವನ್ನು ಚಾಕುವಿನಿಂದ ಬಿಚ್ಚಿ ಒಳಗಿನ ಬಣ್ಣಬಣ್ಣದ ಪಟ್ಟೆಯ ಕಡ್ಡಿಗಳನ್ನು ನೋಡುತ್ತ ಕುಳಿತಿದ್ದಾಗ ಸಿಕ್ಕಿಬಿದ್ದರು. ಒಬ್ಬನಿಗೆ ಕೆನ್ನೆಗೆ ಏಟು ಬಿದ್ದಿತು. ಇನ್ನೊಬ್ಬ ಓಡಿ ತಪ್ಪಿಸಿಕೊಂಡ. ಏಟು ತಿಂದವನು ಮತ್ತೆಂದೂ ಯಂತ್ರವನ್ನು ಮುಟ್ಟದೆ ಕನ್ನಡ ಮೇಷ್ಟರಾದ. ಓಡಿದವನು ರೇಡಿಯೋ ರಿಪೇರಿಯವನಾದ.

“ಯಂತ್ರದ ಹುಚ್ಚಿನೋನಿಗೆ ಬೇಕಾದ್ದು ಯಂತ್ರ ಅಲ್ಲಯ್ಯ, ಅದರ ಹೊಟ್ಟೆ” ಎಂದರು ಗೆಳೆಯರು. “ಬಿಚ್ಚೋದಕ್ಕೆ ಆಯುಧ ಕೊಡು. ಬಿಚ್ಚು ಅಂತ ಒಂದು ಅಪ್ಪಣೆ ಕೊಡು.”

ಮನೆಯಲ್ಲಿದ್ದ ತಮ್ಮ ಸಾಮಾನಿನ ಪೆಟ್ಟಿಗೆಯನ್ನು ತೋರಿಸಿ ಅವರು ಒಂದು ಪಟ್ಟಿಯನ್ನು ಬರೆಸಿದರು. ಇಪ್ಪತ್ತೈದು ವ್ಯಾಟಿನ ಸಾಲ್ಡರಿಂಗ್ ಐರನ್ ಒಂದು; ಅದನ್ನು ಇಡಲು ಸ್ಟ್ಯಾಂಡು; ತವರ ಅರವತ್ತು ಸೀಸ ನಲವತ್ತು ಪಾಲಿನ ಬೆಸುಗೆಯ ತಂತಿ, ಏಕೆಂದರೆ ಅದು 190 ಡಿಗ್ರಿಯೊಳಗೇ ಕರಗಿ ಹರಿಯುತ್ತದೆ; ವೋಲ್ಟು, ಓಮುಗಳನ್ನು ಅಳೆಯುವ ಸಾಧಾರಣ ಮಲ್ಟಿಮೀಟರ್; ನಾಲ್ಕು ಬಗೆಯ ತಿರುಪುಳಿ. “ಕಿಟಕಿ ತೆಗೆದಿಟ್ಟು ಬೆಸುಗೆ ಹಾಕಲಿ. ಸೀಸ ಮುಟ್ಟಿದ ಕೈ ತೊಳೆಯದೆ ಚಕ್ಕುಲಿ ತಿನ್ನಬಾರದು. ಮೊದಲು ಸೆಲ್ಲಿನ ಯಂತ್ರ. ಗೋಡೆಯ ಕರೆಂಟಿನ ಯಂತ್ರ ಆಮೇಲೆ, ಅದೂ ದೊಡ್ಡವರು ಪಕ್ಕದಲ್ಲಿದ್ದಾಗ. ಈ ಕೆಲಸ ಕೈಗೆ ಹತ್ತಿದ ಮೇಲೆ ಆರ್ಡುಯಿನೊ ಅಂತ ಬರುತ್ತಲ್ಲ, ಅದನ್ನು ಅವನೇ ಕೇಳ್ತಾನೆ.” 2005ರಲ್ಲಿ ಇಟಲಿಯ ಇವ್ರಿಯಾ ಎಂಬ ಊರಿನಲ್ಲಿ ವಿದ್ಯಾರ್ಥಿಗಳಿಗೆಂದು ಹುಟ್ಟಿದ ಆ ಪುಟ್ಟ ಹಲಗೆಯ ಹೆಸರು ಯಳಂದೂರಿನ ಮುದುಕರ ಬಾಯಲ್ಲಿ ಬಂದದ್ದಕ್ಕೆ ಮೇಷ್ಟರು ಬೆರಗಾದರು. ಹಿಂದಿನ ವರ್ಷ ಗಡಿಯಾರಕ್ಕೆ ತೆತ್ತ ಹಣದಲ್ಲಿ ಅರ್ಧವೂ ಆ ಪಟ್ಟಿಗೆ ಖರ್ಚಾಗಲಿಲ್ಲ. ಅದೇ ಅವರಿಗೆ ಹೊಸ ಚಿಂತೆಯಾಯಿತು. ಮಗಳೂ ಅಳಿಯನೂ ಏನೆಂದುಕೊಂಡಾರು?

ಹುಡುಗ ಬಂದ. ಆಯುಧಪೂಜೆಯ ಬೆಳಗ್ಗೆ ದೇವರ ಮುಂದೆ ಅಜ್ಜಿಯ ಈಳಿಗೆಮಣೆ, ಅಳಿಯನ ಕಾರಿನ ಬೀಗದಕೈ, ಮೇಷ್ಟರ ಲೇಖನಿ ಇವುಗಳ ಸಾಲಿನಲ್ಲಿ ಒಂದು ರಟ್ಟಿನ ಪೆಟ್ಟಿಗೆ. ಅದರ ಪಕ್ಕದಲ್ಲಿ ಅಟ್ಟದಿಂದ ಇಳಿಸಿದ ಹಳೆಯ ಟ್ರಾನ್ಸಿಸ್ಟರ್. ಎರಡಕ್ಕೂ ಕುಂಕುಮದ ಬೊಟ್ಟು, ಸೇವಂತಿಗೆಯ ಹೂವು. ಮಂಗಳಾರತಿ ಮುಗಿದ ಮೇಲೆ ಹುಡುಗ ಪೆಟ್ಟಿಗೆಯನ್ನು ಬಿಚ್ಚಿದ. ಈ ಸಲ ಅವನು “ಚೆನ್ನಾಗಿದೆ ತಾತ” ಎನ್ನಲಿಲ್ಲ. ಏನೂ ಅನ್ನಲಿಲ್ಲ. ಸಾಲ್ಡರಿಂಗ್ ಐರನ್ನನ್ನು ತಿರುಗಿಸಿ ತಿರುಗಿಸಿ ನೋಡಿ ಟ್ರಾನ್ಸಿಸ್ಟರ್ ಕಡೆಗೆ ಕಣ್ಣು ಹಾಯಿಸಿ, “ಇದನ್ನ ಬಿಚ್ಚಬಹುದಾ?” ಎಂದ.

ಮೇಷ್ಟರ ಕೈ ಅರಿಯದೆ ತಮ್ಮ ಕೆನ್ನೆಯ ಮೇಲೆ ಹೋಯಿತು. “ಬಿಚ್ಚು” ಎಂದರು.

ಅಂದು ಪೂಜೆಯ ದಿನ, ಆಯುಧಕ್ಕೆ ವಿಶ್ರಾಂತಿ. ಮರುದಿನ ವಿಜಯದಶಮಿಯಂದು ಹಜಾರದ ಮಧ್ಯದಲ್ಲಿ ಹಳೆಯ ಪಂಚೆಯನ್ನು ಹಾಸಿ ಕೆಲಸಕ್ಕೆ ಕುಳಿತರು. ಸೆಲ್ಲು ಕೂರುವ ಸ್ಪ್ರಿಂಗಿಗೆ ಹಸಿರು ಕಿಲುಬು ಹತ್ತಿತ್ತು, ಉಜ್ಜಿ ತೆಗೆದರು. ಮಲ್ಟಿಮೀಟರಿನ ಮೊನೆಯನ್ನು ಮುಟ್ಟಿಸುತ್ತ ಹುಡುಗ ಅಂಕಿಗಳನ್ನು ಹೇಳಿದ. ಮೇಷ್ಟರು ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡರು. ಬೆಸುಗೆಯ ಕಡ್ಡಿ ಕಾಯುತ್ತಿದ್ದಂತೆಯೇ ಕರೆಂಟು ಹೋಯಿತು.

ಆ ಬಿಡುವಿನಲ್ಲಿ ತಾತನಿಗೆ ಮಾತು ದೊರೆಯಿತು. ನೆರೆಯ ಶಿವನಸಮುದ್ರದಲ್ಲಿ ಕಾವೇರಿಯಿಂದ ಹುಟ್ಟಿದ ವಿದ್ಯುತ್ತು 1902ರಲ್ಲಿ ಮೊದಲು ಹೋದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿಗೆ; 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರಿನ ಆ ಬೆಳಕಿಗೆ ಪರರಾಜ್ಯ ಎಂದರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ನಡೆಸಿದರೆಂದೂ ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರಾಯಿತೆಂದೂ ಹೇಳಿದರು.

“ಎಷ್ಟು ಪವರ್ ಇತ್ತು ತಾತ?”

“ಮೂವತ್ತು ವ್ಯಾಟಂತೆ.”

ಹುಡುಗ ಕೈಯಲ್ಲಿದ್ದ ಸಾಲ್ಡರಿಂಗ್ ಐರನ್ನಿನ ಹಿಡಿಯ ಮೇಲಿನ ಅಂಕಿಯನ್ನು ಓದಿ ನೋಡಿದ. ಇಪ್ಪತ್ತೈದು. “ಇಷ್ಟರಲ್ಲೇನಾ!” ಎಂದು ಕಣ್ಣರಳಿಸಿದ. ಆ ಹೊತ್ತಿಗೆ ಕರೆಂಟು ಬಂದಿತು. ಆದರೂ ಅವನು ಸ್ವಲ್ಪ ಹೊತ್ತು ಕೆಲಸವನ್ನು ಮುಂದುವರಿಸದೆ ಇನ್ನೇನಾದರೂ ಬರುವುದೋ ಎಂದು ತಾತನ ಮುಖವನ್ನೇ ನೋಡಿದ.

ದೋಷ ಸಿಕ್ಕಿದ್ದು ಮಾರನೆಯ ದಿನ. ಅಲೆಯನ್ನು ಹಿಡಿಯುವ ಕರಿಯ ಫೆರೈಟ್ ಕಡ್ಡಿಗೆ ಸುತ್ತಿದ ಕೂದಲೆಳೆಯಷ್ಟು ಸಪೂರವಾದ ತಂತಿ ಒಂದು ಕಡೆ ಹರಿದಿತ್ತು. ಹುಡುಗ ಬೆಸುಗೆ ಹಾಕಿದ; ಕೆಟ್ಟಿತು. ಮತ್ತೆ ಹಾಕಿದ. ಮೇಷ್ಟರು ಟಾರ್ಚು ಹಿಡಿದು ಉಸಿರು ಬಿಗಿಹಿಡಿದಿದ್ದರು. ರಾತ್ರಿ ಒಂಬತ್ತರ ಸುಮಾರಿಗೆ ಗೊರಗೊರ ಸದ್ದಿನ ನಡುವೆ ಯಾವುದೋ ದೂರದ ನಿಲಯದ ಹಾಡು ಎದ್ದುಬಂದಿತು. ಭಾಷೆ ಯಾವುದೆಂದು ಇಬ್ಬರಿಗೂ ತಿಳಿಯಲಿಲ್ಲ. ರಾತ್ರಿಯಲ್ಲಿ ಮಧ್ಯಮ ತರಂಗಗಳು ಹಗಲಿಗಿಂತ ಬಹುದೂರ ಸಾಗುತ್ತವೆ, ಹಗಲು ಅವನ್ನು ಹೀರುವ ವಾಯುಮಂಡಲದ ಪದರ ರಾತ್ರಿ ಇಲ್ಲವಾಗುತ್ತದೆ ಎಂದು ಈಗ ಹುಡುಗ ವಿವರಿಸಿದ, ತಾತ ಕೇಳಿದರು. ಅಜ್ಜಿ ಒಳಗಿನಿಂದ ಬಂದು, “ನಿಮ್ಮಪ್ಪ ಇದ್ದಿದ್ದರೆ...” ಎಂದು ಅಷ್ಟಕ್ಕೇ ಸುಮ್ಮನಾದರು.

ರಜೆ ಮುಗಿಯಿತು. ಕಾರಿನಲ್ಲಿ ಸಾಮಾನು ತುಂಬುತ್ತಿದ್ದ ಮಗಳು ಒಳಗೆ ಬಂದು, ಆಯುಧದ ಪೆಟ್ಟಿಗೆ ಅಲಮಾರಿನ ಮೇಲೆಯೇ ಇರುವುದನ್ನು ಕಂಡು, “ಏ, ತಾತ ಕೊಟ್ಟದ್ದನ್ನು ಈ ಸಲಾನೂ ಬಿಟ್ಟು ಹೊರಟೆಯಾ?” ಎಂದು ಗದರಿದಳು. ಮೇಷ್ಟರಿಗೆ ಎದೆ ಧಸಕ್ಕೆಂದಿತು.

“ಮರೆತಿಲ್ಲಮ್ಮ. ಅಲ್ಲೇ ಇರಲಿ” ಎಂದ ಹುಡುಗ. “ಬೇಸಿಗೆ ರಜದಲ್ಲಿ ಯಳಂದೂರಿನ ಆ ತಾತನ ಹತ್ತಿರ ಇನ್ನೂ ಮೂರು ರೇಡಿಯೋ ಕೆಟ್ಟು ಕೂತಿವೆಯಂತೆ. ಇಲ್ಲಿಗೆ ಬಂದಾಗ ಕೈಗೆ ಬೇಕಲ್ಲ?”