ಪ್ಲಾಸ್ಟಿಕ್ ಕೆಲಸಕ್ಕೆ ನಿಧಾನದ ಮಷೀನ್

ನಮ್ಮ ರಟ್ಟೀಹಳ್ಳಿ ಕಡೆ ಮಷೀನ್ ಅಂದರೆ ಜೋರಾಗಿ ತಿರುಗಬೇಕು. ಕಬ್ಬಿಣ ಕೊಯ್ಯುವ ಗ್ರೈಂಡರ್ ಇರಲಿ, ಗೋಡೆ ಕೊರೆಯುವ ಡ್ರಿಲ್ ಇರಲಿ, ಶಕ್ತಿ ಹೆಚ್ಚಿದ್ದಷ್ಟೂ ಚಲೋ ಅನ್ನುವುದು ಲೆಕ್ಕ. ಪ್ಲಾಸ್ಟಿಕ್ ಮಾದರಿ ಮಾಡಲು ಕೂತರೆ ಈ ಲೆಕ್ಕ ಉಲ್ಟಾ ಆಗುತ್ತದೆ.

ನಮ್ಮ ಅಕ್ಕನ ಮಗ ಒಂಬತ್ತನೇ ಕ್ಲಾಸು. ಪಿವಿಸಿ ಪೈಪು, ಹಳೇ ಪ್ಲಾಸ್ಟಿಕ್ ಶೀಟು ಸೇರಿಸಿ ಊರಿನ ಕದಂಬೇಶ್ವರ ಗುಡಿಯ ಮಾದರಿ ಮಾಡುವ ಹುಚ್ಚು ಅವನಿಗೆ. ಸಂಜೆ ಸುದ್ದಿ ಕಳಿಸಿದ ಮೇಲೆ ನಾವೂ ಜೊತೆಗೆ ಕೂಡುತ್ತೇವೆ. ಪರಿಚಯದ ಬಡಗಿಯೊಬ್ಬರು ತಮ್ಮ ಡ್ರಿಲ್‌ನಿಂದ ಪೈಪಿನ ಚೂರಿಗೆ ತೂತು ಹಾಕಿ ತೋರಿಸಿದರು. ಹುಡುಗ ಅಂದ: "ಮಾಮಾ, ಇದು ಕೊರಿಯಾಂಗಿಲ್ಲ, ಕರಗಾಕ್ಹತ್ತೈತಿ."

ಅವನು ಹೇಳಿದ್ದು ನಿಜ. ಪಿವಿಸಿ ಸುಮಾರು 80 ಡಿಗ್ರಿ ಸೆಲ್ಸಿಯಸ್‌ಗೇ ಮೆತ್ತಗಾಗುತ್ತದೆ. ಅಂಗಡಿಯ ವಿಮಾನ, ಕಾರಿನ ಮಾಡೆಲ್ ಕಿಟ್‌ಗಳ ಪಾಲಿಸ್ಟೈರೀನ್ ಸುಮಾರು 100ಕ್ಕೆ. ಜೋರಾಗಿ ತಿರುಗುವ ಬಿಟ್ ಉಜ್ಜಿದರೆ ಅಷ್ಟು ಕಾವು ಬೇಗ ಏರುತ್ತದೆ. ಪಿವಿಸಿ ಸುಟ್ಟರೆ ಹೊಗೆ ಕಣ್ಣು, ಗಂಟಲು ಉರಿಸುತ್ತದೆ.

ಅಕ್ಕನದು ಒಂದೇ ಮಾತು: "ಹುಡುಗನ ಕಣ್ಣಿಗೆ ಏನರ ಆದ್ರ ಗುಡಿ ಕಟ್ಟಿ ಏನ್ ಮಾಡೂದೈತಿ?" ಸುದ್ದಿಗಿಷ್ಟು ಅಂತ ದುಡ್ಡು ಬರುವ ನಮಗೆ ಕಿಸೆಯ ಚಿಂತೆಯೂ ಇತ್ತು. ಹಾಗಾಗಿ ವಿಚಾರಿಸಿಯೇ ಕೊಂಡೆವು.

ಸಣ್ಣ ರೋಟರಿ ಮಷೀನ್‌ಗಳಲ್ಲಿ ಹಲವು ನಿಮಿಷಕ್ಕೆ 30,000 ಸುತ್ತು ತಿರುಗುತ್ತವೆ. ಡಬ್ಬಿ ಮೇಲಿನ ಆ ದೊಡ್ಡ ಅಂಕಿ ನೋಡಬೇಡಿ, ವೇಗ ಎಷ್ಟು ಕೆಳಗೆ ಇಳಿಯುತ್ತದೆ ಕೇಳಿ. ವೇಗ ಬದಲಿಸುವ ಗುಂಡಿ ಇಲ್ಲದ್ದು ಪ್ಲಾಸ್ಟಿಕ್‌ಗೆ ಬೇಡ. ನಾವು ಕೊನೆಗೆ ತಂದದ್ದು ಬ್ಯೂಟಿ ಪಾರ್ಲರ್‌ನಲ್ಲಿ ಉಗುರು ತಿಕ್ಕುವ ಮಷೀನ್! ಹಗುರ, ಮೆಲ್ಲಗೆ ತಿರುಗುತ್ತದೆ, ಪೆನ್ನಿನಂತೆ ಹಿಡಿಯಬಹುದು. ಅದಕ್ಕೆ ಸಾಮಾನ್ಯವಾಗಿ 2.35 ಮಿಲಿಮೀಟರ್ ದಂಟಿನ ಬಿಟ್ ಕೂರುತ್ತದೆ, ಅಳತೆ ನೋಡಿ ಕೊಳ್ಳಿ.

ಸಣ್ಣ ತೂತಿಗೆ ಬೆರಳಲ್ಲಿ ತಿರುಗಿಸುವ ಕೈ ಡ್ರಿಲ್ ಸಾಕು, ಕರೆಂಟ್ ಹೋದರೂ ಕೆಲಸ ನಿಲ್ಲದು. ನುಣುಪು ಮಾಡಲು ಗಾಡಿಗೆ ಪೇಂಟ್ ಹೊಡೆಯುವವರು ಬಳಸುವ 400, 600 ನಂಬರಿನ ವಾಟರ್ ಪೇಪರ್ ತನ್ನಿ. ನೀರು ಹಚ್ಚಿ ತಿಕ್ಕಿದರೆ ಧೂಳೂ ಏಳುವುದಿಲ್ಲ, ಕಾವೂ ಏರುವುದಿಲ್ಲ. ಆದರೆ ವೈರ್ ಇರುವ ಮಷೀನ್ ಹತ್ತಿರ ನೀರು ಇಡಬೇಡಿ.

ಮಷೀನ್ ಹಚ್ಚಿದರೆ ಎರಡು ಮೂರು ಸೆಕೆಂಡು ಮುಟ್ಟಿಸಿ ತೆಗೆಯಿರಿ, ಆರಲು ಬಿಡಿ. ಮೊದಲು ಬೇಡದ ಚೂರಿನ ಮೇಲೆ ನೋಡಿ. ಕಿಟಕಿ ತೆರೆದಿರಲಿ, ಮೂಗಿಗೆ ಮಾಸ್ಕ್ ಇರಲಿ.

ಮಕ್ಕಳಿಗೆ ಮಷೀನ್ ಕೊಡಿಸುವ ಮುಂಚೆ ಕಣ್ಣು ಕಾಯುವ ಕನ್ನಡಕ ಕೊಡಿಸಿ. ಮಷೀನ್ ಮುಂದಿನ ತಿಂಗಳು ಬಂದರೂ ನಡೆಯುತ್ತದೆ. ಅಷ್ಟರಲ್ಲಿ ಕೈ ಡ್ರಿಲ್, ವಾಟರ್ ಪೇಪರ್‌ನಲ್ಲೇ ನಾಲ್ಕು ಕಂಬ ಎದ್ದಿರುತ್ತವೆ.